ಕಿವಿಯಕ್ಕನ ಮಾತು ನಿಲ್ಲಿಸುವ ಬಟನ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬಸ್ ಡಿಪೋದ ಹಿಂದಿನ ಮೈದಾನದಲ್ಲಿ ಎರಡು ಬೈಕುಗಳು ಒಂದರ ಹಿಂದೊಂದು ನಿಂತಿವೆ. ಮುಂದಿನ ಬೈಕಿನ ಇಂಜಿನ್ ಓಡುತ್ತಿದೆ, ಬೈಕು ಓಡುತ್ತಿಲ್ಲ. ಅದರ ಮೇಲೆ ಕೂತಿರುವವರು ನಲವತ್ನಾಲ್ಕು ವರ್ಷದ ಒಬ್ಬ ನರ್ಸ್. ಎಡಗೈ ಕ್ಲಚ್ ಹಿಡಿದಿದೆ, ಮೊದಲ ಗೇರ್ ಬಿದ್ದಿದೆ, ಎರಡೂ ಕಾಲು ನೆಲಕ್ಕೆ ಊರಿವೆ. ಹೀಗೆ ಕೂತು ಹನ್ನೊಂದು ನಿಮಿಷವಾಯಿತು. ಹಿಂದಿನ ಬೈಕಿನ ಮೇಲಿರುವ ಹೆಂಗಸು ತುಟಿ ಎರಡು ಮಾಡುತ್ತಿಲ್ಲ. ಮಾತಾಡುವುದೇ ಆಕೆಯ ಕಸುಬು. ಆದರೂ ಹಲ್ಲು ಕಚ್ಚಿ ಸುಮ್ಮನಿದ್ದಾರೆ.

ಕೊನೆಗೆ ಆಕೆ ಗದ್ದದ ಹತ್ತಿರದ ಮೈಕಿಗೆ ಬಹಳ ಮೆತ್ತಗೆ ಹೇಳುತ್ತಾರೆ: "ಸಿಸ್ಟರ್, ನಿಧಾನಕ್ಕೆ ಕ್ಲಚ್ ಬಿಡಿ."

ಮಾತು ಮುಗಿಯುವ ಮೊದಲೇ ನರ್ಸ್ ಅವರ ಬಲಗೈ ಬ್ರೇಕನ್ನು ಗಟ್ಟಿಯಾಗಿ ಅಮುಕುತ್ತದೆ. ಬೈಕು ಒಮ್ಮೆ ಮುಂದಕ್ಕೆ ಜಗ್ಗಿ, ಕೆಮ್ಮಿ, ಆರಿಹೋಗುತ್ತದೆ. ನರ್ಸ್ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಅದು ಯಾರದೋ ಕೈ ಎನ್ನುವ ಹಾಗೆ ನೋಡುತ್ತಾರೆ.

"ಇವತ್ತಿಗೆ ಸಾಕು," ಎನ್ನುತ್ತಾರೆ ಹಿಂದಿನ ಬೈಕಿನವರು. ಹೆಲ್ಮೆಟ್ ತೆಗೆದಾಗ ಅವರ ಹಣೆಯ ಮೇಲೆ ಬೆವರು. ತಂಪು ಗಾಳಿಯ ಹೊತ್ತದು. ಬೆವರುವಂಥ ಕೆಲಸ ಯಾರೂ ಮಾಡಿರಲಿಲ್ಲ.

ಈಕೆಯನ್ನು ಕಲಿಯುವವರೆಲ್ಲ ಕರೆಯುವುದು ಕಿವಿಯಕ್ಕ ಎಂದು. ವಯಸ್ಕ ಹೆಂಗಸರಿಗೆ ಮೋಟಾರ್ ಬೈಕ್ ಕಲಿಸುತ್ತಾರೆ. ಆಗೊಮ್ಮೆ ಈಗೊಮ್ಮೆ ಗಂಡಸರೂ ಬರುತ್ತಾರೆ. ಅಕ್ಕ ಹಿಂದಿನಿಂದ ತಮ್ಮ ಬೈಕಿನಲ್ಲಿ ಬರುತ್ತ, ಕಲಿಯುವವರ ಹೆಲ್ಮೆಟ್ಟಿನೊಳಗೆ ತಂತಿಯಿಲ್ಲದ ಸ್ಪೀಕರಿನ ಮೂಲಕ ಮಾತಾಡುತ್ತಾರೆ. ಕಿವಿಯೊಳಗೇ ಮನೆ ಮಾಡಿಕೊಂಡಿರುವ ಅಕ್ಕ, ಅದಕ್ಕೆ ಕಿವಿಯಕ್ಕ. ವಯಸ್ಸು ನಲವತ್ತೊಂಬತ್ತು. ಕುಳ್ಳಗಿನ, ಗಟ್ಟಿ ಮೈಕಟ್ಟು. ಯಾರ ಜೊತೆ ಮಾತಾಡುವಾಗಲೂ ಅವರ ಗದ್ದದ ಕೆಳಗಿನ ಪಟ್ಟಿ ಸರಿಯಾಗಿದೆಯೇ ಎಂದು ಕಣ್ಣು ಹೋಗುತ್ತದೆ, ಎದುರಿನವರು ಹೆಲ್ಮೆಟ್ ಹಾಕಿಲ್ಲದಿದ್ದರೂ.

ಮೊದಲು ಹನ್ನೊಂದು ವರ್ಷ ಔಷಧಿ ಗೋದಾಮಿನಿಂದ ಅಂಗಡಿಗಳಿಗೆ ಡಬ್ಬಿಗಳನ್ನು ಬೈಕಿನಲ್ಲಿ ಸಾಗಿಸುತ್ತಿದ್ದರು. ಅದನ್ನು ನೋಡಿ ನಾದಿನಿ "ನಂಗೂ ಹೇಳ್ಕೊಡಿ ಅತ್ತಿಗೆ" ಎಂದರು. ನಾದಿನಿಯ ಗೆಳತಿ ಬಂದರು, ಗೆಳತಿಯ ಓರಗಿತ್ತಿ ಬಂದರು. ಆಗೆಲ್ಲ ಬೈಕಿನ ಹಿಂದೆ ಓಡುತ್ತ ಕೂಗಿ ಕಲಿಸುವುದು. "ಒಂದು ವರ್ಷದಲ್ಲಿ ಗಂಟಲು ಬಿದ್ದೋಯ್ತು," ಎನ್ನುತ್ತಾರೆ. "ಡಾಕ್ಟರು ಹೇಳಿದ್ರು, ಕೂಗೋದು ಬಿಡಿ, ಇಲ್ಲಾಂದ್ರೆ ಸನ್ನೆಯಲ್ಲೇ ಬದುಕಬೇಕಾಗುತ್ತೆ ಅಂತ. ಬೈಕ್ ಓಡಿಸೋರು ಹಿಂದೆ ತಿರುಗಿ ನನ್ನ ಸನ್ನೆ ನೋಡೋಕಾಗುತ್ತಾ?" ಹೀಗೆ ಬಂದವು ಹೆಲ್ಮೆಟ್ಟಿನ ಬದಿಗೆ ಕ್ಲಿಪ್ ಹಾಕಿ ಕೂರಿಸುವ, ಮೈಕು-ಸ್ಪೀಕರಿನ ಮೂರು ಸೆಟ್ಟುಗಳು.

ಒಂಬತ್ತು ವರ್ಷದಲ್ಲಿ ಕಲಿತವರು ಇನ್ನೂರ ಹದಿನೆಂಟು ಜನ. ಬೆಳಗ್ಗೆ ಎರಡು ತರಗತಿ, ಸಂಜೆ ಒಂದು. ದಿನಕ್ಕೆ ಸುಮಾರು ನಲವತ್ತು ಕಿಲೋಮೀಟರು, ಅದೂ ಬಹುಪಾಲು ಎರಡನೇ ಗೇರಿನಲ್ಲಿ. ಒಂದು ತರಗತಿಯಲ್ಲಿ "ಕ್ಲಚ್" ಎನ್ನುವ ಪದ ಎಷ್ಟು ಸಲ ಬರುತ್ತದೆ ಎಂದು, ಈ ಲೇಖನಕ್ಕಾಗಿ ಅವರ ಬೆನ್ನು ಹತ್ತಿದ್ದ ನಾನು ಒಮ್ಮೆ ಎಣಿಸಹೊರಟೆ. ನೂರ ಮೂವತ್ತು ದಾಟಿದ ಮೇಲೆ ಕೈಬಿಟ್ಟೆ. ಹೊಲಿಗೆ ಯಂತ್ರ ರಿಪೇರಿ ಮಾಡುವ ಅವರ ಗಂಡ ಸಂಜೆ ಸೆಟ್ಟುಗಳನ್ನೆಲ್ಲ ಚಾರ್ಜಿಗೆ ಹಾಕುತ್ತ ಗೊಣಗುತ್ತಾರೆ: "ಇವಳು ಊರವರ ಕಿವಿಯಲ್ಲೆಲ್ಲ ಕೂತು ಮಾತಾಡ್ತಾಳೆ. ಮನೆಗೆ ಬಂದ್ರೆ ಬಾಯಿಗೆ ಬೀಗ. ನನ್ ಪಾಲಿಗೆ ಉಳಿಯೋದು ಬರೀ ಹ್ಞೂಂ." ಅಕ್ಕ ಅದಕ್ಕೂ "ಹ್ಞೂಂ" ಎನ್ನುತ್ತಾರೆ.

ಎಂಟು ವಾರಗಳ ಹಿಂದಿನ ಬುಧವಾರದ ತನಕ ಎಲ್ಲ ಹೀಗೇ ಸಾಗಿತ್ತು.

ಆ ಬೆಳಗ್ಗೆ ಇಬ್ಬರು ಒಟ್ಟಿಗೆ ಕಲಿಯುತ್ತಿದ್ದರು. ಮುಂದೆ ಈ ನರ್ಸ್, ನಲವತ್ತು ಮೀಟರ್ ಹಿಂದೆ ಪುಸ್ತಕದಂಗಡಿಯ ಗುಮಾಸ್ತರೊಬ್ಬರು, ಎಲ್ಲರ ಹಿಂದೆ ಅಕ್ಕ. ಹಳೇ ಸೆಟ್ಟುಗಳ ಗುಣವೆಂದರೆ ಮೂರೂ ಒಂದೇ ಲೈನಿನಲ್ಲಿರುತ್ತವೆ. ಅಕ್ಕ ಏನು ಹೇಳಿದರೂ ಎಲ್ಲರಿಗೂ ಕೇಳಿಸುತ್ತದೆ. ಗೋದಾಮಿನ ಬೀದಿಯಲ್ಲಿ ನಿಂತಿದ್ದ ಲಾರಿಯೊಂದರ ಬಾಗಿಲು ಗುಮಾಸ್ತರ ಎದುರಿಗೇ ತೆರೆದುಕೊಂಡಿತು. ಅಕ್ಕ ಹೇಳಿದರು: "ಬ್ರೇಕ್. ಎರಡೂ ಬ್ರೇಕ್. ಈಗಲೇ."

ಗುಮಾಸ್ತರು ನಿಂತರು. ಅವರ ಕೂದಲೂ ಕೊಂಕಲಿಲ್ಲ. ಅದೇ ಕ್ಷಣ ನರ್ಸ್ ಮುಖ್ಯರಸ್ತೆಗೆ ಸೇರುತ್ತಿದ್ದರು, ಹಿಂದಿನಿಂದ ಬ್ರೆಡ್ಡಿನ ವ್ಯಾನ್ ಬರುತ್ತಿತ್ತು. ಅವರೂ ಎರಡೂ ಬ್ರೇಕ್ ಹಿಡಿದರು. ಹೇಳಿದ್ದು ಒಬ್ಬರಿಗೆ, ಮಾಡಿದ್ದು ಇಬ್ಬರು. ವ್ಯಾನು ಗೇಣು ದೂರದಲ್ಲಿ ಕಿರುಚಿ ನಿಂತಿತು. ಬೈಕು ಜಾರಿ ನರ್ಸ್ ಅದರಡಿ ಬಿದ್ದರು. ಎಡ ಮಣಿಕಟ್ಟಿನ ಮೂಳೆಯಲ್ಲಿ ಸೀಳು, ಐದು ವಾರ ಪ್ಲಾಸ್ಟರ್ ಪಟ್ಟು.

"ಮಾತು ಕೇಳದೆ ಬಿದ್ದವರನ್ನ ಬೇಕಾದಷ್ಟು ನೋಡಿದ್ದೀನಿ," ಎನ್ನುತ್ತಾರೆ ಕಿವಿಯಕ್ಕ. "ಮಾತು ಕೇಳಿದ್ದಕ್ಕೇ ಬಿದ್ದದ್ದು ನೋಡಿದ್ದು ಅವತ್ತೇ. ಅವರು ನನ್ನ ಕ್ಲಾಸಲ್ಲೇ ಎಲ್ಲರಿಗಿಂತ ಚೆನ್ನಾಗಿ ಮಾತು ಕೇಳ್ತಿದ್ದೋರು. ಅದೇ ತಪ್ಪಾಯ್ತು ನೋಡಿ."

ಹದಿನಾರು ದಿನ ಅಕ್ಕ ಬೈಕು ಮುಟ್ಟಲಿಲ್ಲ. ಹದಿನೇಳನೇ ದಿನ ನರ್ಸ್ ಪಟ್ಟು ಹಾಕಿದ ಕೈ ಹೊತ್ತು ಅಕ್ಕನ ಮನೆಗೇ ಬಂದರು. ಅಕ್ಕನ ಗಂಡ ಅದನ್ನು ನನಗೆ ಹೇಳುವಾಗ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು.

"ನನ್ ಕೈ ಸರಿಯಾದ್ಮೇಲೆ ನೀವೇ ಕಲಿಸ್ಬೇಕು ಅಕ್ಕ," ಎಂದರಂತೆ ನರ್ಸ್.

"ಬೇರೆಯವರ ಹತ್ರ ಹೋಗಿ ಸಿಸ್ಟರ್. ಒಳ್ಳೆಯವರ ನಂಬರ್ ಕೊಡ್ತೀನಿ."

"ಬೇರೆಯವರಿಗೆ ನಾನು ಬಿದ್ದದ್ದು ಗೊತ್ತಿಲ್ಲ. ನಿಮಗೆ ಗೊತ್ತು."

ನರ್ಸ್ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಹದಿಮೂರು ವರ್ಷಗಳಿಂದ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆಯುವುದು, ಇಂಜೆಕ್ಷನ್ ಕೊಡುವುದು ಅವರ ಕೆಲಸ. ಈಗ ಪಟ್ಟಿಯಲ್ಲಿ ಇಪ್ಪತ್ಮೂರು ಮನೆಗಳಿವೆ. ಇಷ್ಟು ದಿನ ಕರೆದೊಯ್ಯುತ್ತಿದ್ದ ವ್ಯಾನನ್ನು ಕಚೇರಿ ನಿಲ್ಲಿಸುತ್ತಿದೆ. ಬದಲಿಗೆ ಬೈಕು ಕೊಡುತ್ತದೆ. ಲೈಸೆನ್ಸ್ ಇದ್ದವರು ಬೈಕಿನಲ್ಲಿ ಹೋಗಬೇಕು, ಇಲ್ಲದವರಿಗೆ ನಾಲ್ಕು ಗಂಟೆ ಪ್ರಯಾಣದಷ್ಟು ದೂರದ ದೊಡ್ಡಾಸ್ಪತ್ರೆಗೆ ವರ್ಗ. ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿರುವ ಅಣ್ಣ ಇದ್ದಾರೆ. ಮಧ್ಯಾಹ್ನ ಎರಡಕ್ಕೆ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕು, ಅದನ್ನು ಮಾಡುವವರು ಈ ತಂಗಿ ಒಬ್ಬರೇ. "ಊರೋರ ಮನೆ ರೋಗಿಗಳನ್ನ ಬಿಟ್ಟು ಹೋಗೋಕೂ ಮನಸ್ಸಿಲ್ಲ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಂಗೆ ಮೊದಲು ನೆನಪಾಗೋದು ಅಣ್ಣನ ಬೆನ್ನು," ಎನ್ನುತ್ತಾರೆ ಅವರು.

ನಾನು ಮೈದಾನದಲ್ಲಿ ಕಂಡ ಬೆಳಗು ಪಟ್ಟು ಬಿಚ್ಚಿದ ಮೇಲಿನ ಮೂರನೇ ತರಗತಿ. ಲೈಸೆನ್ಸ್ ಪರೀಕ್ಷೆಗೆ ಮೂವತ್ತೊಂದು ದಿನ ಉಳಿದಿದೆ. ಕೈಗೇನೂ ತೊಂದರೆ ಇಲ್ಲ. ತೊಂದರೆ ಇರುವುದು ಧ್ವನಿಯಲ್ಲಿ. ಕಿವಿಯಲ್ಲಿ ಅಕ್ಕನ ಮಾತು ಬಂತೆಂದರೆ ಸಾಕು, ನರ್ಸ್ ಅವರ ಬಲಗೈ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. "ಹೇಗಿದ್ದೀರಿ" ಎಂದರೂ ಬ್ರೇಕ್. ಅಕ್ಕ ಸುಮ್ಮನಿದ್ದರೆ ಇನ್ನೊಂದು ಕಷ್ಟ, ಯಾವಾಗ ಮಾತಾಡುತ್ತಾರೋ ಎಂದು ಕಾಯುತ್ತಲೇ ನರ್ಸ್ ಕಲ್ಲಾಗುತ್ತಾರೆ.

ಕಿವಿಯಕ್ಕನ ನಿರ್ಧಾರ: ಹಳೇ ಸೆಟ್ಟುಗಳು ಸಾಕು. ಮಾತಿನ ವ್ಯವಸ್ಥೆ ಒಳಗೇ ಕೂಡಿಸಿ ಬರುವ ಹೊಸ ಹೆಲ್ಮೆಟ್ಟು ಬೇಕು, ಒಬ್ಬೊಬ್ಬರ ಜೊತೆ ಬೇರೆಬೇರೆ ಮಾತಾಡುವಂಥದ್ದು. ಮುಂದೆ ಕಲಿಯುವವರಿಗೂ ಅದೇ ಇರಲಿ, ಮೊದಲು ನರ್ಸ್ ತಲೆಗೆ ಸರಿಹೊಂದಲಿ. ಗುರುವಾರ ಮಧ್ಯಾಹ್ನ ಅಕ್ಕ, ನರ್ಸ್, ನಾನು ಮೂವರೂ ಅಂಗಡಿಗೆ ಹೊರಡುತ್ತೇವೆ.

ಹೊರಡುವ ಮುನ್ನ ನನ್ನ ಹೆಲ್ಮೆಟ್ಟಿಗೂ ಒಂದು ತಪಾಸಣೆ ನಡೆಯುತ್ತದೆ. ಬಣ್ಣ ಚೆನ್ನಾಗಿದೆ ಎಂದು ಕೊಂಡದ್ದು. ಅಕ್ಕ ಅದನ್ನು ಹಿಡಿದು ಅಲ್ಲಾಡಿಸುತ್ತಾರೆ. ಹೆಲ್ಮೆಟ್ಟು ಬಲಕ್ಕೆ ತಿರುಗುತ್ತದೆ, ನನ್ನ ಮೂಗು ನೇರಕ್ಕೇ ಇರುತ್ತದೆ. "ಇದು ಹೆಲ್ಮೆಟ್ಟಲ್ಲ, ಮುಚ್ಚಳ," ಎನ್ನುತ್ತಾರೆ. ಪತ್ರಕರ್ತರ ತಲೆಯಲ್ಲಿ ಏನಿದೆ ಮುಚ್ಚಿಡಲು ಎಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ.

ಅಂಗಡಿಯವರು ಮಾತುಗಾರರು. ಮೂರು ಹೆಲ್ಮೆಟ್ಟುಗಳನ್ನು ಗಾಜಿನ ಮೇಜಿನ ಮೇಲೆ ಇಡುತ್ತಾರೆ: ಒಂದು ಬಿಳಿ, ಒಂದು ಕಪ್ಪು, ಒಂದು ಬೂದು ಬಣ್ಣದ್ದು. ಮೂರರಲ್ಲೂ ಸ್ಪೀಕರು, ಮೈಕು, ಬ್ಯಾಟರಿ ಎಲ್ಲ ಒಳಗೇ. "ಇದ್ರಲ್ಲಿ ಹಾಡು ಕೇಳ್ಬಹುದು, ಫೋನ್ ಎತ್ಬಹುದು, ಎಂಟು ಜನ ಒಟ್ಟಿಗೆ ಮಾತಾಡ್ಬಹುದು..."

"ಎಂಟು ಜನ ಒಟ್ಟಿಗೆ ಮಾತಾಡಿದ್ರೆ ಕೇಳೋರ್ಯಾರು?" ಎನ್ನುತ್ತಾರೆ ಅಕ್ಕ. "ಮೊದಲು ತಲೆ. ಆಮೇಲೆ ಕಿವಿ. ನೀವು ಒಂದರ್ಧ ಗಂಟೆ ಮಾತಾಡ್ಬೇಡಿ ಅಣ್ಣಾ."

ತಲೆಯ ಕೆಲಸಕ್ಕೆ ಅರ್ಧ ಗಂಟೆಯಲ್ಲ, ಒಂದೂವರೆ ಗಂಟೆ ಹಿಡಿಯುತ್ತದೆ. ಅಕ್ಕ ದರ್ಜಿಯ ಟೇಪನ್ನು ನರ್ಸ್ ಅವರ ಹುಬ್ಬಿನ ಮೇಲೆ ಸುತ್ತಿ ಅಳೆಯುತ್ತಾರೆ. ಎತ್ತರದ ತುರುಬನ್ನು ಬಿಚ್ಚಿಸಿ ಕುತ್ತಿಗೆಯ ಹತ್ತಿರ ಸಡಿಲ ಜಡೆ ಹಾಕಿಸುತ್ತಾರೆ, ತುರುಬಿನ ಮೇಲೆ ಕೂತ ಹೆಲ್ಮೆಟ್ಟು ಬಿದ್ದಾಗ ಹಾರಿಹೋಗುತ್ತದಂತೆ. ಪ್ರತಿ ಹೆಲ್ಮೆಟ್ಟಿನ ಒಳಗೆ ಬೆರಳಾಡಿಸಿ ಸುರಕ್ಷತೆಯ ಚೀಟಿ, ತಯಾರಾದ ತಿಂಗಳು ಓದುತ್ತಾರೆ. ಒಳಗಿನ ಥರ್ಮೋಕೋಲಿನಲ್ಲಿ ಸ್ಪೀಕರಿಗೆಂದು ಕಾರ್ಖಾನೆಯಲ್ಲೇ ಮಾಡಿದ ಕುಳಿ ಇದೆಯೇ ನೋಡುತ್ತಾರೆ. ಹಿಂದೊಮ್ಮೆ ಕಲಿಯಲು ಬಂದವರೊಬ್ಬರು ಸ್ಪೀಕರ್ ಕೂರಿಸಲು ಥರ್ಮೋಕೋಲನ್ನು ಚಮಚದಿಂದ ಕೆರೆದು ತಂದಿದ್ದರಂತೆ. ತಲೆ ಉಳಿಸುವುದು ಆ ಥರ್ಮೋಕೋಲೇ. ಅಕ್ಕ ಅದನ್ನು ಅವರೆದುರೇ ಕಸದ ಬುಟ್ಟಿಗೆ ಹಾಕಿದ್ದರು.

ಆಮೇಲೆ ಚೀಲದಿಂದ ಅಡುಗೆಮನೆಯ ತಕ್ಕಡಿ ಹೊರಬರುತ್ತದೆ. ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಬಿಳಿಯದು ಡಬ್ಬಿಯ ಮೇಲೆ ಬರೆದಿರುವುದಕ್ಕಿಂತ ನೂರ ಇಪ್ಪತ್ತು ಗ್ರಾಂ ಜಾಸ್ತಿ ತೂಗುತ್ತದೆ. "ಇಡೀ ದಿನ ಇಪ್ಪತ್ಮೂರು ಮನೆ ಸುತ್ತೋರ ಕುತ್ತಿಗೆ ಇದು," ಎನ್ನುತ್ತಾರೆ ಅಕ್ಕ. ಆದರೂ ಒಂದು ಅವಕಾಶ ಕೊಡುತ್ತಾರೆ. ನರ್ಸ್ ಪ್ರತಿಯೊಂದನ್ನೂ ಹಾಕಿಕೊಂಡು ಪಟ್ಟಿ ಬಿಗಿದು ಸ್ಟೂಲಿನ ಮೇಲೆ ಇಪ್ಪತ್ತೈದು ನಿಮಿಷ ಕೂರಬೇಕು. ಕನ್ನಡಕ ಹಾಕಿಕೊಂಡೇ ಕೂರಬೇಕು. ಬಿಳಿಯದನ್ನು ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ, ಕನ್ನಡಕದ ಕಡ್ಡಿಯನ್ನು ಸ್ಪೀಕರ್ ಒತ್ತಿ ಕಿವಿಯ ಹಿಂದೆ ಇನ್ನೊಂದು ಗೆರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅದನ್ನು ಪಕ್ಕಕ್ಕಿಡಲಾಯಿತು.

ಉಳಿದದ್ದು ಕಪ್ಪು ಮತ್ತು ಬೂದು. ಎರಡೂ ತಲೆಗೆ ಚೆನ್ನಾಗಿ ಕೂರುತ್ತವೆ, ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಅಲ್ಲಾಡುತ್ತದೆ. ಎರಡರಲ್ಲೂ ಒಬ್ಬೊಬ್ಬರಿಗೆ ಬೇರೆ ಲೈನು ಇದೆ. ಇನ್ನು ಕಿವಿಯ ಪರೀಕ್ಷೆ. ನರ್ಸ್ ತಲೆಗೆ ಕಪ್ಪು ಹೆಲ್ಮೆಟ್ಟು ಹಾಕಿ, ಅದರ ಜೋಡಿಯನ್ನು ತಾವು ಹಾಕಿಕೊಂಡು ಅಕ್ಕ ರಸ್ತೆ ದಾಟಿ, ಬಸ್ ನಿಲ್ದಾಣದಾಚೆ ಹೋಗಿ, ಕಾಣದಷ್ಟು ದೂರ ನಿಲ್ಲುತ್ತಾರೆ. ಅಂಗಡಿಯೊಳಗೆ ನರ್ಸ್ ಸ್ಟೂಲಿನ ಮೇಲೆ ಕೂತಿದ್ದಾರೆ, ಕೈಗಳು ತೊಡೆಯ ಮೇಲೆ.

ಇದ್ದಕ್ಕಿದ್ದಂತೆ ಅವರ ಬಲಗೈ ಮುಷ್ಟಿ ಕಟ್ಟುತ್ತದೆ. ನಾಲ್ಕು ಬೆರಳೂ ಅಂಗೈಗೆ ಒತ್ತಿ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ. ಬೈಕಿಲ್ಲ, ಬ್ರೇಕಿಲ್ಲ, ಕೂತಿರುವುದು ಸ್ಟೂಲಿನ ಮೇಲೆ. ಅಕ್ಕ ಅಲ್ಲಿಂದ ಕೇಳಿದ್ದು "ಸಿಸ್ಟರ್, ಕೇಳಿಸ್ತಾ ಇದ್ಯಾ" ಎಂದಷ್ಟೇ. ಈ ಕೈ ಇಟ್ಟುಕೊಂಡು ಈಕೆ ರಸ್ತೆಗೆ ಇಳಿಯುವುದಾದರೂ ಹೇಗೆ?

ಅಕ್ಕ ಮರಳಿ ಬಂದಾಗ ನರ್ಸ್ ಇನ್ನೂ ಆ ಮುಷ್ಟಿಯನ್ನು ಎಡಗೈಯಿಂದ ಬಿಡಿಸಿಕೊಳ್ಳುತ್ತಿದ್ದಾರೆ.

ಅಂಗಡಿಯವರು ಕಪ್ಪು ಹೆಲ್ಮೆಟ್ಟನ್ನೇ ಮುಂದೆ ತಳ್ಳುತ್ತಾರೆ. ಇದು ಕಲಿಸುವವರಿಗೆಂದೇ ಮಾಡಿದ್ದು ಎನ್ನುತ್ತಾರೆ. ಗುರುವಿನ ಲೈನು ಯಾವಾಗಲೂ ತೆರೆದೇ ಇರುತ್ತದೆ, ಶಿಷ್ಯರು ಅದನ್ನು ಮುಚ್ಚಲು ಬರುವುದಿಲ್ಲ. ಬೂದು ಬಣ್ಣದ್ದರಲ್ಲಿ ಹಾಗಲ್ಲ. ಎಡಗಡೆ ರೂಪಾಯಿ ನಾಣ್ಯದಷ್ಟು ಅಗಲದ ಬಟನ್ ಇದೆ, ಕೈಗವಸು ಹಾಕಿದ್ದರೂ ಸಿಗುತ್ತದೆ. ಒಮ್ಮೆ ಒತ್ತಿದರೆ ಮಾತು ಬಂದ್, ಮತ್ತೊಮ್ಮೆ ಒತ್ತಿದರೆ ಶುರು.

"ಕಪ್ಪೇ ಇರ್ಲಿ," ಎನ್ನುತ್ತಾರೆ ಅಕ್ಕ.

"ಬೂದು," ಎನ್ನುತ್ತಾರೆ ನರ್ಸ್.

ಅಕ್ಕ ಅವರ ಕಡೆಗೆ ತಿರುಗುತ್ತಾರೆ.

"ಸಿಸ್ಟರ್, ನಾನು ಹೇಳೋದು ನಿಮಗೆ ಕೇಳಿಸ್ಲೇಬೇಕಲ್ವಾ? ನೀವು ಮುಚ್ಚಿರೋ ಹೊತ್ತಲ್ಲೇ ಲಾರಿ ಬಂದ್ರೆ? ನಾನು ಹಿಂದೆ ಕೂತು ಏನ್ ಮಾಡ್ಲಿ?"

"ಅಕ್ಕ, ನಾನು ಸೂಜಿ ಚುಚ್ಚೋವಾಗ ಮನೆಯವರು ಪಕ್ಕದಲ್ಲೇ ನಿಂತು 'ಇಲ್ಲಿ ಚುಚ್ಚಿ, ಮೆತ್ತಗೆ ಚುಚ್ಚಿ' ಅಂತಿರ್ತಾರೆ. ಪಾಪ, ಒಳ್ಳೇದಕ್ಕೇ ಹೇಳೋದು. ಆದ್ರೆ ಕೈ ನಡುಗುತ್ತೆ. ಒಂದು ನಿಮಿಷ ಸುಮ್ನಿರಿ ಅಂತ ಹೇಳ್ತೀನಿ. ಅವರು ಸುಮ್ಮನಾದ್ಮೇಲೆ ಚುಚ್ತೀನಿ." ನರ್ಸ್ ಬೂದು ಹೆಲ್ಮೆಟ್ಟನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. "ನಿಮಗೆ ಹಾಗೆ ಹೇಳೋಕೆ ನಂಗೆ ಬಾಯಿ ಬರಲ್ಲ. ಬಟನ್ ಆದ್ರೆ ಒತ್ತಬಹುದು."

ಕಿವಿಯಕ್ಕ ಅಂಗಡಿಯಿಂದ ಹೊರಗೆ ಹೋಗಿ ಫುಟ್‌ಪಾತಿನ ಮೇಲೆ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಬಂದವರು ಬೂದು ಬಣ್ಣದ ಎರಡು ಹೆಲ್ಮೆಟ್ಟು ಕಟ್ಟಿಸುತ್ತಾರೆ, ಒಂದು ತಮಗೆ, ಒಂದು ಕಲಿಯುವವರಿಗೆ. ಅಂದು ರಾತ್ರಿ ಊಟ ಸೇರಲಿಲ್ಲವಂತೆ. "ಬಟನ್ ಅಂತ ಇದ್ಮೇಲೆ ಒತ್ತೇ ಒತ್ತುತ್ತಾರೆ ಕಣೇ," ಎಂದು ಗಂಡ ಸಮಾಧಾನ ಹೇಳಿದರಂತೆ. ಸಮಾಧಾನ ಹೇಳುವ ಕಲೆ ಎಲ್ಲರಿಗೂ ಬರುವುದಿಲ್ಲ.

ಮೊದಲ ದಿನ ನರ್ಸ್ ಆ ಬಟನ್ನನ್ನು ಹದಿನೇಳು ಸಲ ಒತ್ತುತ್ತಾರೆ. ಒತ್ತಿದಾಗೆಲ್ಲ ಅಕ್ಕನ ಕಿವಿಯಲ್ಲಿ ಟಿಕ್ ಎಂದು ಸದ್ದಾಗುತ್ತದೆ, ಮಾತು ತಲುಪುತ್ತಿಲ್ಲ ಎಂಬ ಸೂಚನೆ. ಮೈದಾನದಲ್ಲಿ, ವೇಗ ನಡಿಗೆಯಷ್ಟೇ, ಅಪಾಯವೇನಿಲ್ಲ. ಆದರೂ ಪ್ರತಿ ಟಿಕ್ಕಿಗೂ ಅಕ್ಕನ ಭುಜ ಮೇಲಕ್ಕೆ ಜಿಗಿಯುವುದು ದೂರದಿಂದಲೇ ಕಾಣುತ್ತದೆ. "ಟಿಕ್ ಅಂದ ಕೂಡ್ಲೇ ನಂಗೆ ಆ ವ್ಯಾನೇ ಕಾಣ್ಸುತ್ತೆ," ಎನ್ನುತ್ತಾರೆ. ಅವರು ಒಂದು ನಿಯಮ ಮಾಡಿಕೊಂಡಿದ್ದಾರೆ: ಏನೇ ಹೇಳುವುದಿದ್ದರೂ ಮೊದಲು ಯಾರಿಗೆ ಎಂದು ಕರೆಯಬೇಕು, ಆಮೇಲೆ ಮಾತು. ಈಗ ಲೈನೇ ಬೇರೆಬೇರೆ ಇದೆಯಲ್ಲ ಎಂದರೆ ಒಪ್ಪುವುದಿಲ್ಲ. "ಇರ್ಲಿ. ಸುಟ್ಟುಕೊಂಡೋಳು ನಾನು."

ದಿನಗಳು ಕಳೆಯುತ್ತವೆ. ಹದಿನೇಳು ಒಂಬತ್ತಾಗುತ್ತದೆ, ಒಂಬತ್ತು ನಾಲ್ಕಾಗುತ್ತದೆ. ಹನ್ನೆರಡನೇ ದಿನ ಒಂದು ವಿಚಿತ್ರ ನಡೆಯುತ್ತದೆ. "ಸಿಸ್ಟರ್, ಎರಡನೇ ಗೇರು" ಎಂದು ಅಕ್ಕ ಹೇಳುತ್ತಾರೆ, ಬಲಗೈ ಬ್ರೇಕಿನ ಕಡೆಗೆ ಹೋಗುವುದೇ ಇಲ್ಲ. ಬೇಡವಾದಾಗ ಮುಚ್ಚಬಹುದೆಂಬ ಧೈರ್ಯ ಬಂದ ಮೇಲೆ ಧ್ವನಿಗೆ ಹೆದರುವುದು ಬೇಕಾಗಲಿಲ್ಲ ಎಂದು ನರ್ಸ್ ವಿವರಿಸುತ್ತಾರೆ. ಮೂರನೇ ವಾರ ಒಂದೇ ಒಂದು ಟಿಕ್ಕೂ ಇಲ್ಲ.

ಇಷ್ಟಾದರೂ ಕಿವಿಯಕ್ಕನಿಗೆ ನೆಮ್ಮದಿ ಇಲ್ಲ. ಹೊಸ ಚಿಂತೆ ಹುಟ್ಟಿದೆ. ನರ್ಸ್ ಈಗ ಮತ್ತೆ ಮೊದಲಿನ ಹಾಗೇ ಹೇಳಿದ್ದನ್ನೆಲ್ಲ ಮಾಡುತ್ತಾರೆ, ಹೇಳದೇ ಇದ್ದರೆ ಏನೂ ಮಾಡುವುದಿಲ್ಲ. ಪರೀಕ್ಷೆಯ ದಿನ ಮಾತಿನ ವ್ಯವಸ್ಥೆ ಬಂದ್ ಮಾಡಿರಬೇಕೆಂದು ನಿಯಮ. ಅಕ್ಕ ಬೇಲಿಯಾಚೆ ನಿಲ್ಲಬೇಕು. "ನಾನಿಲ್ದಿದ್ರೆ ಅವರು ಮತ್ತೆ ಕಲ್ಲಾಗ್ತಾರೆ. ಒಂದ್ಸಲ ನಾನೇ ಸುಮ್ನಿದ್ದು ನೋಡೋಣ ಅನ್ಕೊಳ್ತೀನಿ, ಧೈರ್ಯ ಸಾಲಲ್ಲ. ರಸ್ತೇಲಿ ಸುಮ್ನಿದ್ದು ಏನಾದ್ರೂ ಆದ್ರೆ? ಮಾತಾಡಿ ಒಂದ್ಸಲ ಬೀಳ್ಸಿದ್ದೀನಿ. ಸುಮ್ನಿದ್ದು ಇನ್ನೊಂದ್ಸಲನಾ?"

ಪರೀಕ್ಷೆಗೆ ಮೂರು ದಿನ ಉಳಿದಿರುವಾಗ, ಶನಿವಾರ ಬೆಳಗ್ಗೆ ಏಳಕ್ಕೆ, ಕೊನೆಯ ತರಗತಿ. ನಾನು ಅಕ್ಕನ ಹಿಂದೆ ಕೂತಿದ್ದೇನೆ. ತಲೆಯ ಮೇಲೆ ನನ್ನ ಹೊಸ, ಬಿಗಿಯಾದ, ಮಾತು ಬಾರದ ಮಾಮೂಲಿ ಹೆಲ್ಮೆಟ್ಟು. ಅಕ್ಕನ ಮಾತು ನನಗೆ ಕೇಳಿಸುವುದಿಲ್ಲ, ಬೆನ್ನಷ್ಟೇ ಕಾಣುತ್ತದೆ. ಮುಂದೆ ನರ್ಸ್ ಗೋದಾಮಿನ ಬೀದಿಯಲ್ಲಿ ಹೋಗುತ್ತಿದ್ದಾರೆ. ಇದೇ ಬೀದಿಯ ತುದಿಯಲ್ಲಿ ಮುಖ್ಯರಸ್ತೆ, ಆ ಬುಧವಾರದ ಜಾಗ.

ತುದಿಗೆ ಇನ್ನೂ ಐವತ್ತು ಮೀಟರ್ ಇದೆ. ನರ್ಸ್ ಅವರ ಎಡಗೈ ಹ್ಯಾಂಡಲ್ ಬಿಟ್ಟು ಮೇಲೇಳುತ್ತದೆ. ನಿಧಾನವಾಗಿ ಹೆಲ್ಮೆಟ್ಟಿನ ಬದಿಗೆ ಹೋಗಿ, ಒತ್ತಿ, ಕೆಳಗಿಳಿಯುತ್ತದೆ.

ನನ್ನ ಮುಂದಿನ ಭುಜಗಳು ಜಿಗಿಯುತ್ತವೆ. ಬೈಕು ಒಂದು ಕ್ಷಣ ಓಲಾಡುತ್ತದೆ. ಅಕ್ಕ ಹಾರ್ನ್ ಕಡೆಗೆ ಹೆಬ್ಬೆರಳು ಒಯ್ದು ಹಿಂದಕ್ಕೆ ತೆಗೆಯುತ್ತಾರೆ. ಹಾರ್ನ್ ಕೇಳಿ ಆಕೆ ಬ್ರೇಕ್ ಹಿಡಿದುಬಿಟ್ಟರೆ? ಮುಂದೆ ಹೋಗಿ ಅಡ್ಡ ಹಾಕುವಂತೆಯೂ ಇಲ್ಲ. ಹಿಂದಿನಿಂದ ನೋಡುವುದೊಂದೇ ಉಳಿದ ಕೆಲಸ. ಇಬ್ಬರನ್ನೂ ಕೂಗಿ ನಿಲ್ಲಿಸಿಬಿಡೋಣ ಎನಿಸುತ್ತದೆ, ನನ್ನ ಕೂಗು ಯಾರಿಗೆ ಕೇಳಬೇಕು.

ನರ್ಸ್ ಮೂಲೆಯಲ್ಲಿ ನಿಲ್ಲುತ್ತಾರೆ. ಒಂದು ಕಾಲು ಊರಿ ಬಲಕ್ಕೆ ನೋಡುತ್ತಾರೆ, ಎಡಕ್ಕೆ ನೋಡುತ್ತಾರೆ, ಮತ್ತೆ ಬಲಕ್ಕೆ. ಒಂದು ಬಸ್ಸು ಹೋಗಲು ಬಿಡುತ್ತಾರೆ. ಬಸ್ಸಿನ ಹಿಂದೆಯೇ ಕಾರೊಂದು ಇದೆ, ಅದನ್ನೂ ಬಿಡುತ್ತಾರೆ. ಹಿಂದಿನಿಂದ ಯಾರೋ ಅವಸರದವರು ಹಾರ್ನ್ ಬಾರಿಸುತ್ತಾರೆ. ನರ್ಸ್ ಅಲುಗಾಡುವುದಿಲ್ಲ. ರಸ್ತೆ ಖಾಲಿಯಾದ ಮೇಲೆ ಇಂಡಿಕೇಟರ್ ಮಿನುಗಿಸುತ್ತಲೇ ಮುಖ್ಯರಸ್ತೆಗೆ ಸೇರುತ್ತಾರೆ. ನೀರಿನ ಟ್ಯಾಂಕಿನ ಹತ್ತಿರ ಮುದುಕರೊಬ್ಬರು ಸೈಕಲ್ ತಳ್ಳಿಕೊಂಡು ಅಡ್ಡ ಬಂದಾಗ ಗೇರ್ ಇಳಿಸಿ ದಾರಿ ಕೊಡುತ್ತಾರೆ. ವೃತ್ತ ಸುತ್ತುತ್ತಾರೆ, ಪೆಟ್ರೋಲ್ ಬಂಕಿನ ಹತ್ತಿರ ತಿರುಗುತ್ತಾರೆ, ಡಿಪೋದ ಗೇಟಿನ ಮುಂದೆ ಸ್ಟ್ಯಾಂಡ್ ಹಾಕುತ್ತಾರೆ. ಗಡಿಯಾರದ ಪ್ರಕಾರ ನಾಲ್ಕು ನಿಮಿಷ. ನನಗೆ ಅರ್ಧ ಆಯಸ್ಸು ಕಳೆದಿತ್ತು.

ಅಕ್ಕ ಬೈಕಿನಿಂದ ಇಳಿದು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಗದ್ದದ ಕೆಳಗಿನ ಬಕಲ್ ಬಿಚ್ಚಲು ಬೆರಳು ಸಹಕರಿಸುತ್ತಿಲ್ಲ. ಇನ್ನೂರ ಹದಿನೆಂಟು ಜನಕ್ಕೆ ಬಕಲ್ ಹಾಕಿ ಬಿಚ್ಚಿದ ಕೈ. ನರ್ಸ್ ಓಡಿಬಂದು ಅದನ್ನು ಬಿಚ್ಚಿ, ಹೆಲ್ಮೆಟ್ಟು ತೆಗೆದು ಪಕ್ಕಕ್ಕಿಡುತ್ತಾರೆ. ಆಮೇಲೆ ಅಕ್ಕನ ಮಣಿಕಟ್ಟು ಹಿಡಿದು ತಮ್ಮ ವಾಚು ನೋಡುತ್ತಾರೆ.

"ನೂರ ಇಪ್ಪತ್ತಾರು," ಎನ್ನುತ್ತಾರೆ. "ಉಸಿರು ಉದ್ದಕ್ಕೆ ತಗೊಳ್ಳಿ."

"ಹೇಳಿ ಒತ್ತಬಹುದಿತ್ತಲ್ಲ ಸಿಸ್ಟರ್."

"ಹೇಳಿದ್ರೆ ನೀವು ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ ಎಂಬುದು ಮೂವರಿಗೂ ಗೊತ್ತು. "ಬೈಯಿರಿ ಅಕ್ಕ, ಬೈಸ್ಕೊಳ್ತೀನಿ," ಎನ್ನುತ್ತಾರೆ ನರ್ಸ್. ಅಕ್ಕ ಬೈಯುವುದಿಲ್ಲ. ಕೈಯನ್ನು ಅವರ ಕೈಯಲ್ಲೇ ಬಿಟ್ಟು ಕೂತಿರುತ್ತಾರೆ. ನಾಡಿ ನೂರಕ್ಕಿಳಿಯುವ ತನಕ ನರ್ಸ್ ಎಣಿಸುತ್ತಲೇ ಇರುತ್ತಾರೆ.

ಮಂಗಳವಾರದ ಪರೀಕ್ಷೆ ಏಳು ನಿಮಿಷದ್ದು. ಅಕ್ಕ ಬೇಲಿಯಾಚೆ ನಿಂತು ಹೆಲ್ಮೆಟ್ಟನ್ನು ಎದೆಗವಚಿಕೊಂಡು ಒಂದೇ ಕಾಲಿನ ಮೇಲೆ ಭಾರ ಹಾಕಿ ನೋಡುತ್ತಿದ್ದರು. ನರ್ಸ್ ಎಂಟರ ಆಕಾರದಲ್ಲಿ ತಿರುಗಿಸುವಾಗ ಒಮ್ಮೆ ಗೆರೆಗೆ ತೀರಾ ಹತ್ತಿರ ಹೋದರು, ದಾಟಲಿಲ್ಲ. ಪರೀಕ್ಷಕರು ಕಾಗದದ ಮೇಲೆ ಏನೋ ಗೀಚಿ "ನೆಕ್ಸ್ಟ್" ಎಂದರು. ಪಾಸಾದದ್ದು ಅಷ್ಟೇ ಸಪ್ಪೆಯಾಗಿ. ಈಗ ನರ್ಸ್ ಕಚೇರಿಯ ಬೈಕಿನಲ್ಲಿ ಇಪ್ಪತ್ಮೂರು ಮನೆ ಸುತ್ತುತ್ತಾರೆ, ಎರಡು ಗಂಟೆಗೆ ಅಣ್ಣನ ಹಾಸಿಗೆಯ ಪಕ್ಕದಲ್ಲಿರುತ್ತಾರೆ. ಬೂದು ಹೆಲ್ಮೆಟ್ಟು ಅಂಗನವಾಡಿ ಟೀಚರೊಬ್ಬರ ತಲೆಗೆ ದಾಟಿದೆ. ಆಕೆ ದಿನಕ್ಕೆ ಹತ್ತು ಸಲ ಬಟನ್ ಒತ್ತುತ್ತಾರಂತೆ. ಅಕ್ಕನ ಭುಜ ಇನ್ನೂ ಜಿಗಿಯುತ್ತದೆ.

ಲೇಖನ ಮುಗಿಸುವ ಮುನ್ನ ಅವರ ಮನೆಗೆ ಹೋಗಿ ಕೇಳುತ್ತೇನೆ: ಮುಂದೇನು ಆಸೆ? ಅವರು ಯೋಚಿಸುತ್ತಾರೆ. ದೊಡ್ಡ ಆಸೆ ಏನಿಲ್ಲ ಎನ್ನುತ್ತಾರೆ. ಇನ್ನೂ ಎರಡು ಹೆಲ್ಮೆಟ್ಟು ಬೇಕು, ದೊಡ್ಡ ತಲೆಯವರಿಗೊಂದು, ಸಣ್ಣ ತಲೆಯವರಿಗೊಂದು. "ಎಲ್ಲರ ತಲೆಯೂ ಸಿಸ್ಟರ್ ತಲೆ ಥರ ಇರಲ್ಲ ನೋಡಿ."

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಆ ಶನಿವಾರ ಅವರ ಬೆನ್ನಷ್ಟೇ ನನಗೆ ಕಂಡಿತ್ತು. ಮಾತು ತಲುಪದ ಆ ನಾಲ್ಕು ನಿಮಿಷ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ.

"ಮಾತಾಡ್ತಾನೇ ಇದ್ದೆ," ಎನ್ನುತ್ತಾರೆ ಕಿವಿಯಕ್ಕ. "ಸಿಸ್ಟರ್, ನಿಲ್ಲಿ. ಸಿಸ್ಟರ್, ಬಲಗಡೆ ನೋಡಿ. ಬಸ್ಸನ್ನ ಬಿಡಿ, ಅದರ ಹಿಂದೆ ಕಾರಿದೆ, ಅದನ್ನೂ ಬಿಡಿ. ಸೈಕಲ್ ತಾತ ಅಡ್ಡ ಬರ್ತಿದ್ದಾರೆ, ನೀವು ಗೇರ್ ಇಳಿಸಿ. ಎಲ್ಲಾ ಹೇಳ್ದೆ, ಒಂದೂ ಬಿಡ್ಲಿಲ್ಲ. ಅವರಿಗೆ ಒಂದೂ ಕೇಳಿಸ್ಲಿಲ್ಲ." ಅವರು ಗಂಡನ ಕಡೆಗೊಮ್ಮೆ ನೋಡುತ್ತಾರೆ, ನಗು ತಡೆಯಲಾಗುವುದಿಲ್ಲ. "ನಾನು ಬಾಯಿ ತೆಗೆಯೋಷ್ಟರಲ್ಲಿ ಅವರು ಅದನ್ನ ಮಾಡಿ ಮುಗಿಸಿರ್ತಿದ್ರು."